ಕೂಲಿಯ ಲೆಕ್ಕದಲ್ಲಿ ಕೂಡಿದ ಧರ್ಮಗಳು

(ದತ್ತಿ ಉಪನ್ಯಾಸದ ಲಿಖಿತ ರೂಪ)



ಧರ್ಮಗಳ ಸೌಹಾರ್ದದ ಬಗ್ಗೆ ಮಾತಾಡಬೇಕೆಂದು ಕರೆದಿದ್ದೀರಿ. ಕನ್ನಡದಲ್ಲಿ ಇದರ ಮೇಲೆ ಒಂದು ಗಂಟೆ ಮಾತಾಡುವುದು ಕಷ್ಟವಲ್ಲ. ಶಿಶುನಾಳ ಶರೀಫರು ಮತ್ತು ಗೋವಿಂದ ಭಟ್ಟರು ಇದ್ದಾರೆ. ಹಿಂದೂಗಳೇ ಮುಂದೆ ನಿಂತು ನಡೆಸುವ ಉತ್ತರ ಕರ್ನಾಟಕದ ಹಳ್ಳಿಗಳ ಮೊಹರಂ ಇದೆ. ಎರಡೂ ಕಡೆಯವರು ಹರಕೆ ಹೊರುವ ದರ್ಗಾಗಳು ಊರೂರಿಗೂ ಇವೆ. ಇವೆಲ್ಲ ನಿಜ, ಇವೆಲ್ಲ ನಮ್ಮ ಆಸ್ತಿ. ಆದರೆ ಈ ಹೆಸರುಗಳನ್ನು ಹೇಳಿ, ಚಪ್ಪಾಳೆ ತೆಗೆದುಕೊಂಡು, ಮನೆಗೆ ಹೋಗುವ ಭಾಷಣಗಳು ನಮ್ಮಲ್ಲಿ ಬೇಕಾದಷ್ಟು ಆಗಿವೆ. ಹಾಗಾಗಿ ಇವತ್ತು ನಿಮ್ಮನ್ನು ದೂರದ ಒಂದು ಊರಿಗೆ ಕರೆದುಕೊಂಡು ಹೋಗುತ್ತೇನೆ. ಅಲ್ಲಿ ಪಾದ್ರಿಗಳು, ಇಮಾಮರು, ಕ್ರೈಸ್ತ ಸನ್ಯಾಸಿನಿಯರು, ಶಾಲಾ ಮೇಷ್ಟ್ರುಗಳು ಒಟ್ಟಿಗೆ ಕೂತದ್ದು ದೇವರ ವಿಷಯ ಚರ್ಚಿಸುವುದಕ್ಕಲ್ಲ, ಕಸ ಗುಡಿಸುವವರ ಗಂಟೆಯ ಕೂಲಿಯ ಲೆಕ್ಕ ಹಾಕುವುದಕ್ಕೆ. ಆ ಲೆಕ್ಕ ಮುಗಿಯುವ ಹೊತ್ತಿಗೆ ಸೌಹಾರ್ದವೂ ತಾನಾಗಿ ಒಂದಿಷ್ಟು ಬೆಳೆದಿತ್ತು.

ಸೌಹಾರ್ದವನ್ನೇ ಗುರಿ ಮಾಡಿಕೊಂಡು ಕೂತರೆ ಸಾಮಾನ್ಯವಾಗಿ ಒಂದು ಸಭೆ, ಒಂದು ಫೋಟೊ, ಒಂದು ಇಫ್ತಾರ್ ಕೂಟ ಆಗುತ್ತದೆ. ಊರಿನ ಒಂದು ಗಟ್ಟಿ ಕೆಲಸವನ್ನು ಗುರಿ ಮಾಡಿಕೊಂಡು ಕೂತರೆ ಒಬ್ಬರಿಗೊಬ್ಬರು ಬೇಕಾಗುತ್ತಾರೆ. ಬೇಕಾದವರನ್ನು ಕಳೆದುಕೊಳ್ಳಲು ಯಾರಿಗೂ ಇಷ್ಟವಿರುವುದಿಲ್ಲ. ನಾನು ಹೇಳಬೇಕಾದ್ದು ಇಷ್ಟೆ. ಉಳಿದದ್ದು ಇದರ ವಿವರ.

1. ಊರು

ಪೂರ್ವ ಲಂಡನ್ನಿನ ಬ್ರಿಕ್ ಲೇನ್ ಎಂಬ ಬೀದಿಯಲ್ಲಿ ಒಂದು ಹಳೆಯ ಇಟ್ಟಿಗೆ ಕಟ್ಟಡ ಇದೆ. 1743ರಲ್ಲಿ ಅದನ್ನು ಕಟ್ಟಿಸಿದವರು ಹ್ಯೂಗೆನಾಟರು, ಅಂದರೆ ಮತಹಿಂಸೆಯಿಂದ ತಪ್ಪಿಸಿಕೊಂಡು ಫ್ರಾನ್ಸ್ ಬಿಟ್ಟು ಬಂದ ಪ್ರೊಟೆಸ್ಟೆಂಟರು. ಮುಂದೆ ಅದು ಮೆಥಡಿಸ್ಟರ ಪ್ರಾರ್ಥನಾ ಮಂದಿರವಾಯಿತು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ರಷ್ಯಾ ಸಾಮ್ರಾಜ್ಯದಿಂದ ಓಡಿಬಂದ ಯಹೂದಿಗಳ ಸಿನಗಾಗ್ ಆಯಿತು. 1976ರಲ್ಲಿ ಬಾಂಗ್ಲಾದೇಶದ, ಅದರಲ್ಲೂ ಸಿಲ್ಹೆಟ್ ಸೀಮೆಯ, ಮುಸ್ಲಿಮರ ಮಸೀದಿಯಾಯಿತು. ಪ್ರವಾಸಿಗಳಿಗೆ ಇದನ್ನು ಧರ್ಮಸಹಿಷ್ಣುತೆಯ ಗುರುತು ಎಂದು ತೋರಿಸುವುದುಂಟು. ನನಗೆ ಹಾಗೆ ಕಾಣುವುದಿಲ್ಲ. ಒಂದು ಧರ್ಮದವರು ನಾಲ್ಕು ಕಾಸು ಕೂಡಿಸಿಕೊಂಡು ಒಳ್ಳೆಯ ಬಡಾವಣೆಗೆ ಹೋದರು, ಅವರು ಬಿಟ್ಟುಹೋದ ಜಾಗಕ್ಕೆ ಮುಂದಿನ ಬಡವರು ಬಂದರು. ಒಬ್ಬರ ನಂತರ ಒಬ್ಬರು ಇದ್ದರೇ ಹೊರತು ಒಬ್ಬರ ಜೊತೆ ಒಬ್ಬರು ಇರಲಿಲ್ಲ.

ಜೊತೆಗಿದ್ದ ಉದಾಹರಣೆಗಳು ಬೇಕಾದರೆ ಅದೇ ಸೀಮೆಯ ಕಾರ್ಮಿಕರ ಚರಿತ್ರೆ ನೋಡಬೇಕು. 1889ರಲ್ಲಿ ಲಂಡನ್ ಬಂದರಿನ ಹಮಾಲರು ಗಂಟೆಗೆ ಆರು ಪೆನ್ಸ್ ಕೂಲಿ ಕೇಳಿ ಮುಷ್ಕರ ಹೂಡಿದರು. ಅವರಲ್ಲಿ ಬಹಳ ಜನ ಐರಿಷ್ ಕ್ಯಾಥೊಲಿಕರು. ವಯಸ್ಸಾದ ಕಾರ್ಡಿನಲ್ ಮ್ಯಾನಿಂಗ್ ಮಧ್ಯೆ ಬಂದು ಮಾತುಕತೆ ನಡೆಸಿ, ಆರು ಪೆನ್ಸ್ ಕೊಡಿಸಿದರು. 1912ರಲ್ಲಿ ಯಹೂದಿ ದರ್ಜಿಗಳೂ ಬಂದರಿನ ಹಮಾಲರೂ ಒಂದೇ ಕಾಲಕ್ಕೆ ಮುಷ್ಕರದಲ್ಲಿದ್ದರು. ದರ್ಜಿಗಳು ಗೆದ್ದರು, ಹಮಾಲರ ಮುಷ್ಕರ ಎಳೆಯುತ್ತಾ ಹೋಗಿ ಮನೆಗಳಲ್ಲಿ ಉಪವಾಸ ಶುರುವಾಯಿತು. ಆಗ ಯಹೂದಿ ಕುಟುಂಬಗಳು ಹಮಾಲರ ಮುನ್ನೂರಕ್ಕೂ ಹೆಚ್ಚು ಮಕ್ಕಳನ್ನು ತಮ್ಮ ಮನೆಗಳಲ್ಲಿ ಇಟ್ಟುಕೊಂಡು ಸಾಕಿದವು. ಇದರ ಹಿಂದೆ ನಿಂತವನು ರುಡಾಲ್ಫ್ ರಾಕರ್. ಜರ್ಮನ್ ಮೂಲದವನು, ಯಹೂದಿಯಲ್ಲ, ದೇವರನ್ನೂ ನಂಬದವನು. ಆದರೂ ಯಿಡ್ಡಿಷ್ ಕಲಿತು ಅವರ ಪತ್ರಿಕೆ ನಡೆಸುತ್ತಿದ್ದ. 1936ರ ಅಕ್ಟೋಬರ್ 4ರಂದು ಮೋಸ್ಲಿಯ ಫ್ಯಾಸಿಸ್ಟ್ ದಂಡು ಯಹೂದಿಗಳ ಬೀದಿಗಳ ಮೂಲಕ ಮೆರವಣಿಗೆ ಹೊರಟಾಗ ಕೇಬಲ್ ಸ್ಟ್ರೀಟಿನಲ್ಲಿ ಅಡ್ಡಗಟ್ಟಿದವರಲ್ಲಿ ಐರಿಷ್ ಹಮಾಲರೂ ಇದ್ದರು. ಇಪ್ಪತ್ತನಾಲ್ಕು ವರ್ಷಗಳ ಹಿಂದೆ ಉಂಡ ಅನ್ನದ ನೆನಪು ಆ ಮನೆಗಳಲ್ಲಿ ಆರಿರಲಿಲ್ಲ ಎಂದು ಪೂರ್ವ ಲಂಡನ್ನಿನವರು ಹೇಳಿಕೊಳ್ಳುತ್ತಾರೆ.

1981ರ ಹೊತ್ತಿಗೆ ಆ ಹಳೆಯ ಬಂದರು ಕಟ್ಟೆಗಳು ಮುಚ್ಚಿಹೋದವು. ಹಮಾಲರಿದ್ದ ಜಾಗದಲ್ಲಿ ಕ್ಯಾನರಿ ವಾರ್ಫ್ ಎಂಬ ಬ್ಯಾಂಕುಗಳ ನಗರ ಎದ್ದಿತು. ಗಾಜಿನ ಗೋಪುರಗಳಲ್ಲಿ ಹಗಲು ಕೆಲಸ ಮಾಡುವವರು ಬೇರೆ ಕಡೆಯಿಂದ ರೈಲಿನಲ್ಲಿ ಬರುತ್ತಾರೆ. ರಾತ್ರಿ ನೆಲ ಒರೆಸುವವರು ಪಕ್ಕದ ಬೀದಿಗಳಿಂದ ಬರುತ್ತಾರೆ. ಬಾಂಗ್ಲಾದೇಶದವರು, ನೈಜೀರಿಯಾ, ಘಾನಾದವರು, ಲ್ಯಾಟಿನ್ ಅಮೆರಿಕದವರು. ಇದೇ ಕಾಲದಲ್ಲಿ ಬ್ರಿಟನ್ನಿನಲ್ಲಿ ಗುತ್ತಿಗೆ ಪದ್ಧತಿ ಹಬ್ಬಿತು. 1983ರಿಂದ ಸರ್ಕಾರಿ ಆಸ್ಪತ್ರೆಗಳ ಕ್ಲೀನಿಂಗ್, ಅಡುಗೆ, ಬಟ್ಟೆ ಒಗೆಯುವ ಕೆಲಸಗಳನ್ನು ಟೆಂಡರ್ ಕರೆದು ಹೊರಗೆ ಕೊಡಲು ಶುರು ಮಾಡಿದರು. ಯಾರು ಕಡಿಮೆಗೆ ಬರೆದರೋ ಅವರಿಗೆ ಗುತ್ತಿಗೆ. ಕ್ಲೀನಿಂಗಿನಲ್ಲಿ ಖರ್ಚು ಎಂದರೆ ಕೂಲಿಯೇ. ಹಾಗಾಗಿ ಕಡಿಮೆಗೆ ಬರೆಯುವುದೆಂದರೆ ಕೂಲಿ ಇಳಿಸುವುದು, ರಜೆ ಕತ್ತರಿಸುವುದು, ಇಬ್ಬರ ಕೆಲಸ ಒಬ್ಬರಿಂದ ಮಾಡಿಸುವುದು. ಕನಿಷ್ಠ ಕೂಲಿ ನಿಗದಿ ಮಾಡುತ್ತಿದ್ದ ವೇತನ ಮಂಡಳಿಗಳನ್ನು 1993ರಲ್ಲಿ ತೆಗೆದುಹಾಕಿದರು. 1999ರಲ್ಲಿ ದೇಶಕ್ಕೆಲ್ಲ ಒಂದೇ ಕನಿಷ್ಠ ಕೂಲಿ ಬಂದಾಗ ಅದು ಗಂಟೆಗೆ 3 ಪೌಂಡ್ 60 ಪೆನ್ಸ್. ಲಂಡನ್ನಿನ ಬಾಡಿಗೆಗೆ ಅದು ಏನೇನೂ ಸಾಲದು.

2. ಕಸುಬು

ಇಂಥ ಊರಿನಲ್ಲಿ 1996ರಲ್ಲಿ ಟೆಲ್ಕೊ ಎಂಬ ಒಕ್ಕೂಟ ಹುಟ್ಟಿತು. ಪೂರ್ವ ಲಂಡನ್ ಸಮುದಾಯಗಳ ಸಂಘಟನೆ ಎಂಬ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳು ಅವು. ಅದನ್ನು ಕಟ್ಟಿದ ನೀಲ್ ಜೇಮ್ಸನ್ ಈ ಕಸುಬನ್ನು ಕಲಿತು ಬಂದದ್ದು ಅಮೆರಿಕದಿಂದ. ಹಾಗಾಗಿ ಅಲ್ಲಿಗೆ ಒಂದು ಗಳಿಗೆ ಹೋಗಿಬರಬೇಕು.

ಚಿಕಾಗೊದ ದೊಡ್ಡ ಕಸಾಯಿಖಾನೆಗಳ ಹಿಂಬದಿಯ ಬಡಾವಣೆ. ಅಪ್ಟನ್ ಸಿಂಕ್ಲೇರ್ 1906ರ ‘ದಿ ಜಂಗಲ್’ ಕಾದಂಬರಿಯಲ್ಲಿ ಚಿತ್ರಿಸಿದ ಜಾಗ. ಅಲ್ಲಿ ಪೋಲಿಷರು, ಲಿಥುವೇನಿಯನ್ನರು, ಸ್ಲೊವಾಕರು, ಐರಿಷರು, ಎಲ್ಲರೂ ಕ್ಯಾಥೊಲಿಕರೇ. ಆದರೂ ಒಂದೊಂದು ಜನಕ್ಕೆ ಒಂದೊಂದು ಚರ್ಚು, ಒಂದು ಚರ್ಚಿನವರಿಗೆ ಇನ್ನೊಂದರವರನ್ನು ಕಂಡರೆ ಆಗದು. 1939ರಲ್ಲಿ ಸಾಲ್ ಅಲಿನ್ಸ್ಕಿ ಎಂಬ ಯಹೂದಿ ಮನೆತನದ ಯುವಕ, ಜೋಸೆಫ್ ಮೀಗನ್ ಎಂಬ ಕ್ಯಾಥೊಲಿಕ್ ಗೆಳೆಯನ ಜೊತೆಗೂಡಿ, ಈ ಚರ್ಚುಗಳನ್ನೂ ಕಾರ್ಮಿಕ ಸಂಘವನ್ನೂ ಒಂದೇ ಪರಿಷತ್ತಿಗೆ ತಂದ. ಬಿಷಪ್ ಶೀಲ್ ಕಾರ್ಮಿಕ ನಾಯಕ ಜಾನ್ ಲೂಯಿಸ್ ಜೊತೆ ಒಂದೇ ವೇದಿಕೆ ಹತ್ತಿದರು. ಕಾರ್ಮಿಕ ಸಂಘ ಅಂದರೆ ಕಮ್ಯುನಿಸಂ ಎಂದು ಚರ್ಚಿನ ಬಹುಪಾಲು ಹಿರಿಯರು ಹೆದರುತ್ತಿದ್ದ ಕಾಲ ಅದು. ಮರುವರ್ಷ ಅಲಿನ್ಸ್ಕಿ ಸ್ಥಾಪಿಸಿದ ಸಂಸ್ಥೆಯ ಶಾಖೆಗಳು ಮುಂದೆ ಅಮೆರಿಕದ ಹಲವು ನಗರಗಳಲ್ಲಿ ಬೆಳೆದವು.

ಅವುಗಳಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್ನಿನದು ನನಗೆ ಬಹಳ ಹಿಡಿಸಿದ ಉದಾಹರಣೆ. 1980ರ ಸುಮಾರಿಗೆ ಪೂರ್ವ ಬ್ರೂಕ್ಲಿನ್ ಸುಟ್ಟುಹೋದ ಕಟ್ಟಡಗಳ, ಖಾಲಿ ನಿವೇಶನಗಳ ಬಡಾವಣೆ. ಅಲ್ಲಿನ ಕಪ್ಪುಜನರ ಬ್ಯಾಪ್ಟಿಸ್ಟ್ ಚರ್ಚುಗಳು, ಕ್ಯಾಥೊಲಿಕ್ ಮತ್ತು ಲೂಥರನ್ ಚರ್ಚುಗಳು ಸೇರಿ ಒಕ್ಕೂಟ ಮಾಡಿಕೊಂಡವು. ಮೊದಲೇ ಮನೆ ಕಟ್ಟಿಸಿಕೊಡಿ ಎಂದು ಕೇಳಲಿಲ್ಲ. ಬಡಾವಣೆಯ ಬೀದಿಗಳಲ್ಲಿ ಹೆಸರಿನ ಫಲಕಗಳೇ ಇರಲಿಲ್ಲ, ಆಂಬುಲೆನ್ಸ್ ಕರೆದರೆ ಬೀದಿ ಹುಡುಕುವಷ್ಟರಲ್ಲಿ ಹೊತ್ತಾಗುತ್ತಿತ್ತು. ಜನ ಮೂಲೆ ಮೂಲೆ ತಿರುಗಿ ಎಲ್ಲೆಲ್ಲಿ ಫಲಕ ಇಲ್ಲ ಎಂದು ಪಟ್ಟಿ ಮಾಡಿ ಪಾಲಿಕೆಗೆ ಕೊಟ್ಟರು, ಫಲಕಗಳು ಬಂದವು. ಆಮೇಲೆ ಅಂಗಡಿಗಳಿಗೆ ಹೋಗಿ ಕೊಳೆತ ಮಾಂಸ, ಸುಳ್ಳು ತೂಕದ ತಕ್ಕಡಿ ಹಿಡಿದರು. ಇಂಥ ಸಣ್ಣ ಗೆಲುವುಗಳಿಂದ ಮೈಗೆ ಬಲ ಬಂದ ಮೇಲೆ ಮನೆಗೆ ಕೈಹಾಕಿದರು. ಚರ್ಚುಗಳು ಬಡ್ಡಿಯಿಲ್ಲದ ದುಡ್ಡು ಕೊಟ್ಟವು, ನಗರಾಡಳಿತದಿಂದ ನಿವೇಶನ ಪಡೆದರು, ಸಾವಿರಾರು ಸಾಲುಮನೆಗಳು ಎದ್ದವು. ಯೋಜನೆಗೆ ಇಟ್ಟ ಹೆಸರು ನೆಹೆಮಿಯ. ಜೆರುಸಲೇಮಿನ ಬಿದ್ದ ಗೋಡೆಯನ್ನು ಮತ್ತೆ ಕಟ್ಟಿಸಿದವನು ಬೈಬಲ್ಲಿನ ನೆಹೆಮಿಯ. ಆ ಕಥೆಯಲ್ಲಿ ಹಲವರು ತಮ್ಮ ಮನೆಯೆದುರಿನ ಗೋಡೆಯ ಭಾಗವನ್ನು ತಾವೇ ಕಟ್ಟುತ್ತಾರೆ.

ಈ ಸಂಘಟಕರು ಅಲಿಖಿತ ಶಾಸನದಂತೆ ಪಾಲಿಸುವ ಒಂದು ನಿಯಮ ಇದೆ. ಜನ ತಾವೇ ಮಾಡಿಕೊಳ್ಳಬಲ್ಲದ್ದನ್ನು ಅವರ ಪರವಾಗಿ ನೀನು ಮಾಡಿಕೊಡಬೇಡ. ಸಂಘಟಕನ ದಿನದ ಕೆಲಸ ಬಹುಪಾಲು ಕೇಳುವುದೇ. ಒಬ್ಬೊಬ್ಬರನ್ನೇ ಭೇಟಿ ಮಾಡಿ ಅರ್ಧ ಗಂಟೆ ಕೂತು, ಏನು ಕಷ್ಟ, ಯಾವುದಕ್ಕೆ ಸಿಟ್ಟು ಬರುತ್ತದೆ, ಯಾವುದಕ್ಕಾಗಿ ಒಂದು ಸಂಜೆ ಬಿಟ್ಟು ಬರಲು ತಯಾರಿದ್ದೀರಿ ಎಂದು ಕೇಳುತ್ತಾನೆ. ಬಾಗಿಲು ಬಡಿದು ಕರಪತ್ರ ಕೊಡುವುದು ಅವನ ರೀತಿಯಲ್ಲ.

ಟೆಲ್ಕೊ ಈ ಪದ್ಧತಿಯನ್ನೇ ತಂದಿತು. ಅದರ ಸದಸ್ಯರು ವ್ಯಕ್ತಿಗಳಲ್ಲ, ಸಂಸ್ಥೆಗಳು: ಕ್ಯಾಥೊಲಿಕ್ ಮತ್ತು ಆಂಗ್ಲಿಕನ್ ಚರ್ಚುಗಳು, ಮೆಥಡಿಸ್ಟರು, ವೈಟ್‌ಚಾಪೆಲ್ ರಸ್ತೆಯ ಈಸ್ಟ್ ಲಂಡನ್ ಮಸೀದಿ, ಶಾಲೆಗಳು, ಕಾರ್ಮಿಕ ಸಂಘದ ಶಾಖೆಗಳು. ಪ್ರತಿ ಸಂಸ್ಥೆ ವರ್ಷಕ್ಕಿಷ್ಟು ಎಂದು ಚಂದಾ ಕೊಡಬೇಕು. ಈ ಚಂದಾ ಬಹಳ ಮುಖ್ಯ. ಸರ್ಕಾರದ ದುಡ್ಡಿನಲ್ಲಿ ನಡೆದರೆ ಸರ್ಕಾರವನ್ನು ಕೇಳುವ ಬಾಯಿ ಇರುವುದಿಲ್ಲ. ಯಾವ ರಾಜಕೀಯ ಪಕ್ಷಕ್ಕೂ ಬೆಂಬಲ ಘೋಷಿಸುವಂತಿಲ್ಲ. ದೊಡ್ಡ ಸಭೆ ಹೇಳಿದ ಹೊತ್ತಿಗೆ ಶುರುವಾಗಿ ಹೇಳಿದ ಹೊತ್ತಿಗೆ ಮುಗಿಯಬೇಕು. ವೇದಿಕೆಗೆ ಬರುವ ರಾಜಕಾರಣಿಗೆ ಭಾಷಣ ಇಲ್ಲ. ಬೇಡಿಕೆ ಓದುತ್ತಾರೆ, ಒಪ್ಪುತ್ತೀರಾ ಇಲ್ಲವಾ ಎಂದು ಕೇಳುತ್ತಾರೆ, ಉತ್ತರಕ್ಕೆ ಕೆಲವು ನಿಮಿಷ ಕೊಡುತ್ತಾರೆ. ನಮ್ಮ ಕಡೆಯ ಸಭೆಗಳಲ್ಲಿ ಹಾರ ಹಾಕುವುದಕ್ಕೇ ಅದಕ್ಕಿಂತ ಹೆಚ್ಚು ಹೊತ್ತು ಬೇಕು.

3. ಕೂಲಿ

ಕೂಲಿಯ ಪ್ರಶ್ನೆ ಕೈಗೆ ಬಂದದ್ದು ಈ ಕೇಳಿಸಿಕೊಳ್ಳುವ ಕೆಲಸದಿಂದಲೇ. ಬೇರೆ ಬೇರೆ ಧರ್ಮದವರ ದೂರುಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಒಂದೇ ಕಥೆ. ಒಂದು ಕೆಲಸದ ಸಂಬಳ ಸಾಲದೆ ಎರಡು ಕೆಲಸ, ರಾತ್ರಿ ಪಾಳಿ, ಮಕ್ಕಳ ಮುಖ ನೋಡಲು ಪುರುಸೊತ್ತಿಲ್ಲ, ಚರ್ಚಿಗಾಗಲಿ ಮಸೀದಿಗಾಗಲಿ ಹೋಗಲು ಬಿಡುವಿಲ್ಲ. ಇಲ್ಲಿ ಧರ್ಮಗುರುಗಳಿಗೂ ಒಂದು ಸ್ವಾರ್ಥ ಇತ್ತು ಎಂಬುದನ್ನು ಗಮನಿಸಿ. ಜನ ದಣಿದುಹೋದರೆ ದೇವರ ಮನೆಯೂ ಖಾಲಿ. ಈ ಸ್ವಾರ್ಥವನ್ನು ಮುಚ್ಚಿಡದೆ ಮೇಜಿನ ಮೇಲಿಟ್ಟದ್ದರಿಂದಲೇ ಕೆಲಸ ಗಟ್ಟಿಯಾಯಿತು. ಬರೀ ಪರೋಪಕಾರಕ್ಕೆಂದು ಬಂದವರು ಮೂರನೇ ಸಭೆಗೆ ಬರುವುದಿಲ್ಲ.

ದಾರಿ ತೋರಿಸಿದ್ದು ಅಮೆರಿಕದ ಬಾಲ್ಟಿಮೋರ್. ಅಲ್ಲಿನ ಚರ್ಚುಗಳು ನಡೆಸುತ್ತಿದ್ದ ಉಚಿತ ಊಟದ ಸಾಲಿನಲ್ಲಿ ನಿರುದ್ಯೋಗಿಗಳಷ್ಟೇ ಅಲ್ಲ, ದಿನವಿಡೀ ದುಡಿದು ಬಂದವರೂ ನಿಲ್ಲುತ್ತಿದ್ದರು. ದುಡಿಯುವವನು ಯಾಕೆ ದಾಸೋಹದ ಸಾಲಿನಲ್ಲಿ ನಿಂತ ಎಂಬ ಪ್ರಶ್ನೆ ಹಿಡಿದು ಅಲ್ಲಿನ ಒಕ್ಕೂಟ ನಗರಸಭೆಗೆ ಹೋಯಿತು. 1994ರಲ್ಲಿ ಕಾನೂನು ಬಂತು. ನಗರದ ಗುತ್ತಿಗೆ ಹಿಡಿದವರು ಕೆಲಸಗಾರರಿಗೆ ಗಂಟೆಗೆ 6 ಡಾಲರ್ 10 ಸೆಂಟ್‌ನಿಂದ ಶುರುಮಾಡಿ ಹಂತಹಂತವಾಗಿ 7 ಡಾಲರ್ 70 ಸೆಂಟ್‌ವರೆಗೆ ಕೊಡಬೇಕು. ಊಟ ಬಡಿಸುವುದನ್ನು ಅವರು ನಿಲ್ಲಿಸಲಿಲ್ಲ, ಆದರೆ ಅಷ್ಟಕ್ಕೇ ತೃಪ್ತರಾಗಲೂ ಇಲ್ಲ.

2001ರಲ್ಲಿ ಟೆಲ್ಕೊ ಬದುಕಲು ಸಾಲುವಷ್ಟು ಕೂಲಿಯ ಚಳವಳಿ ಶುರುಮಾಡಿತು. ಕ್ವೀನ್ ಮೇರಿ ವಿಶ್ವವಿದ್ಯಾಲಯದ ಭೂಗೋಳ ಪ್ರಾಧ್ಯಾಪಕಿ ಜೇನ್ ವಿಲ್ಸ್ ಕಡಿಮೆ ಕೂಲಿಯ ಕೆಲಸಗಳನ್ನು ಅಧ್ಯಯನ ಮಾಡಿದರು. ಅಲ್ಲಿ ಸಿಕ್ಕಿದ ಒಂದು ಮುಖ್ಯ ತಿಳಿವಳಿಕೆ ಚಳವಳಿಯ ದಿಕ್ಕನ್ನು ನಿರ್ಧರಿಸಿತು. ಕ್ಲೀನಿಂಗ್ ಕಂಪನಿಯ ಬಾಗಿಲಲ್ಲಿ ಕೂತರೆ ಪ್ರಯೋಜನವಿಲ್ಲ. ಅದು ಕೂಲಿ ಏರಿಸಿದರೆ ಮುಂದಿನ ಟೆಂಡರ್ ಕಳೆದುಕೊಳ್ಳುತ್ತದೆ. ಹಿಡಿಯಬೇಕಾದ್ದು ಟೆಂಡರ್ ಕರೆಯುವ ಬ್ಯಾಂಕನ್ನು, ಆಸ್ಪತ್ರೆಯನ್ನು, ವಿಶ್ವವಿದ್ಯಾಲಯವನ್ನು. ಇಷ್ಟು ಕೂಲಿಗಿಂತ ಕಡಿಮೆ ಬರೆಯುವಂತಿಲ್ಲ ಎಂದು ಕರೆಯುವವರೇ ಷರತ್ತು ಹಾಕಿದರೆ ಎಲ್ಲ ಕಂಪನಿಗಳಿಗೂ ಒಂದೇ ನೆಲ ಸಿಗುತ್ತದೆ.

ಕ್ಯಾನರಿ ವಾರ್ಫಿನಲ್ಲಿ ಎಚ್‌ಎಸ್‌ಬಿಸಿ ಬ್ಯಾಂಕಿನ 45 ಮಹಡಿಯ ಗೋಪುರ ಆಗಷ್ಟೇ ತೆರೆದಿತ್ತು. ಅಲ್ಲಿನ ಕ್ಲೀನರುಗಳು ನಮ್ಮ ನೌಕರರಲ್ಲ ಎಂಬುದು ಆಡಳಿತದವರ ಉತ್ತರ. ಟೆಲ್ಕೊದವರು ಷೇರು ಕೊಂಡರು. ಷೇರುದಾರರಾದ ಮೇಲೆ ವಾರ್ಷಿಕ ಸಭೆಗೆ ಬರಬೇಡಿ ಎನ್ನುವಂತಿಲ್ಲ. 2003ರ ಸಭೆಯಲ್ಲಿ ಅಬ್ದುಲ್ ಡುರಾಂಟ್ ಎಂಬ ರಾತ್ರಿ ಪಾಳಿಯ ಕ್ಲೀನರ್ ಎದ್ದು ನಿಂತು ಅಧ್ಯಕ್ಷ ಸರ್ ಜಾನ್ ಬಾಂಡ್ ಅವರನ್ನು ನೇರವಾಗಿ ಮಾತಾಡಿಸಿದರು. ಇಬ್ಬರೂ ಒಂದೇ ಕಟ್ಟಡದಲ್ಲಿ ಕೆಲಸ ಮಾಡುವವರು, ಅಧ್ಯಕ್ಷರ ಕೋಣೆ ಗುಡಿಸುವವರೇ ಡುರಾಂಟ್. ಗಂಟೆಗೆ 5 ಪೌಂಡ್ ಕೂಲಿಯಲ್ಲಿ ಸಂಸಾರ ಹೇಗೆ ನಡೆಯುತ್ತದೆ ಎಂದು ವಿವರಿಸಿದರು. ಮರುದಿನ ಪತ್ರಿಕೆಗಳಲ್ಲಿ ಸುದ್ದಿಯಾಯಿತು. ಮುಂದಿನ ವರ್ಷದ ಹೊತ್ತಿಗೆ ಬ್ಯಾಂಕು ಗುತ್ತಿಗೆಯ ಷರತ್ತುಗಳನ್ನು ಬದಲಿಸಿತು. ಬಾರ್ಕ್ಲೇಸ್ ಬ್ಯಾಂಕೂ ಕ್ಯಾನರಿ ವಾರ್ಫಿನ ಕ್ಲೀನರುಗಳ ಕೂಲಿ ಏರಿಸಲು ಒಪ್ಪಿತು.

2004ರ ಮೇಯರ್ ಚುನಾವಣೆಗೆ ಮೊದಲು ನಡೆದ ಸಭೆಯಲ್ಲಿ ಲಂಡನ್ ಮೇಯರ್ ಕೆನ್ ಲಿವಿಂಗ್‌ಸ್ಟನ್ ಈ ಬೇಡಿಕೆಗೆ ಒಪ್ಪಿಗೆ ಕೊಟ್ಟರು. ಮೇಯರ್ ಕಚೇರಿ 2005ರಲ್ಲಿ ಲಂಡನ್ನಿನ ಬದುಕಿಗೆ ಸಾಲುವ ಕೂಲಿ ಗಂಟೆಗೆ 6 ಪೌಂಡ್ 70 ಪೆನ್ಸ್ ಎಂದು ಲೆಕ್ಕ ಹಾಕಿ ಪ್ರಕಟಿಸಿತು. ಕಾನೂನಿನ ಕನಿಷ್ಠ ಕೂಲಿ ಆಗ 5 ಪೌಂಡ್‌ಗೂ ಕಡಿಮೆ ಇತ್ತು. ಲಂಡನ್ 2012ರ ಒಲಿಂಪಿಕ್ಸಿಗೆ ಅರ್ಜಿ ಹಾಕಿದಾಗ ಪೂರ್ವ ಲಂಡನ್ನಿನವರ ಬೆಂಬಲಕ್ಕೆ ಬದಲಾಗಿ ಈ ಕೂಲಿ, ಕೈಗೆಟಕುವ ಮನೆ, ಸ್ಥಳೀಯರಿಗೆ ಕೆಲಸ ಎಂಬ ಭರವಸೆಗಳನ್ನು ಟೆಲ್ಕೊದವರು ಬರೆಸಿಕೊಂಡರು. ಕ್ವೀನ್ ಮೇರಿ 2006ರಲ್ಲಿ ಈ ಕೂಲಿ ಒಪ್ಪಿದ ಮೊದಲ ವಿಶ್ವವಿದ್ಯಾಲಯವಾಯಿತು, ಎರಡು ವರ್ಷದ ಮೇಲೆ ಕ್ಲೀನರುಗಳನ್ನು ಗುತ್ತಿಗೆಯಿಂದ ಬಿಡಿಸಿ ತನ್ನ ನೌಕರರನ್ನಾಗಿ ಮಾಡಿಕೊಂಡಿತು. 2011ರಲ್ಲಿ ಇದಕ್ಕೆಂದೇ ಪ್ರತಿಷ್ಠಾನ ಹುಟ್ಟಿತು. ಈಗ ಬ್ರಿಟನ್ನಿನಲ್ಲಿ ಈ ಕೂಲಿ ಕೊಡಲು ಒಪ್ಪಿ ಮಾನ್ಯತೆ ಪಡೆದ ಸಂಸ್ಥೆಗಳು 14 ಸಾವಿರಕ್ಕೂ ಹೆಚ್ಚು. ಸರ್ಕಾರ 2016ರಲ್ಲಿ ಕನಿಷ್ಠ ಕೂಲಿಗೆ ‘ಬದುಕಲು ಸಾಲುವ ಕೂಲಿ’ ಎಂಬ ಇದೇ ಹೆಸರು ಇಟ್ಟು, 25 ವರ್ಷ ತುಂಬಿದವರಿಗೆ 7 ಪೌಂಡ್ 20 ಪೆನ್ಸ್ ಎಂದಿತು. ಚಳವಳಿಯ ಲೆಕ್ಕದಲ್ಲಿ ಲಂಡನ್ನಿಗೆ ಆಗ ಬೇಕಿದ್ದದ್ದು 9 ಪೌಂಡ್ 40 ಪೆನ್ಸ್. ಹೆಸರು ತೆಗೆದುಕೊಂಡು ಲೆಕ್ಕವನ್ನು ಬಿಟ್ಟರು.

4. ಒಳಗಿನ ಬಿರುಕು

ಈ ಕಥೆಯನ್ನು ಹೀಗೆ ಹೇಳಿದರೆ ಎಲ್ಲ ಸರಾಗವಾಗಿ ನಡೆದಂತೆ ಕೇಳಿಸುತ್ತದೆ. ಹಾಗಿರಲಿಲ್ಲ.

ಈ ಒಕ್ಕೂಟಗಳು ಕೆಲವು ಮಾತುಗಳನ್ನು ಎತ್ತುವುದೇ ಇಲ್ಲ. ಗರ್ಭಪಾತ, ಸಲಿಂಗಿಗಳ ಹಕ್ಕು, ಪ್ಯಾಲೆಸ್ಟೈನ್. ಇವು ಎದ್ದರೆ ಮೇಜು ಮುರಿಯುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಇದು ಹೇಡಿತನ ಎಂದು ಟೀಕಿಸುವವರಿದ್ದಾರೆ, ಅವರ ಮಾತಿನಲ್ಲಿ ಹುರುಳೂ ಇದೆ. ಸಂಸ್ಥೆಗಳೇ ಸದಸ್ಯರಾದಾಗ ಸಂಸ್ಥೆಯೊಳಗೆ ದನಿಯಿಲ್ಲದವರು ಒಕ್ಕೂಟದಲ್ಲೂ ದನಿಯಿಲ್ಲದವರೇ ಆಗಿ ಉಳಿಯಬಹುದು. ಈಸ್ಟ್ ಲಂಡನ್ ಮಸೀದಿಯ ಕೆಲವು ಮುಂದಾಳುಗಳ ರಾಜಕೀಯದ ಬಗ್ಗೆ ಬ್ರಿಟನ್ನಿನ ಪತ್ರಿಕೆಗಳಲ್ಲಿ, ಟೀವಿಯಲ್ಲಿ ಕಟುವಾದ ಟೀಕೆ ಬಂದದ್ದುಂಟು, ಇಂಥವರ ಜೊತೆ ಯಾಕೆ ಕೂರುತ್ತೀರಿ ಎಂದು ಚರ್ಚಿನವರನ್ನು ಕೇಳಿದ್ದುಂಟು. ಕಾರ್ಮಿಕ ಸಂಘಗಳಿಗೂ ಕಸಿವಿಸಿ: ಕೂಲಿಯ ಮಾತುಕತೆ ನಮ್ಮ ಕೆಲಸ, ಪಾದ್ರಿಗಳು ನಡುವೆ ಬಂದು ಬ್ಯಾಂಕಿನವರ ಜೊತೆ ಒಪ್ಪಂದ ಮಾಡಿಕೊಂಡರೆ ಕಾರ್ಮಿಕರು ಸಂಘಕ್ಕೆ ಯಾಕೆ ಸೇರುತ್ತಾರೆ?

ಧರ್ಮಸಂಸ್ಥೆಗಳ ಬಾಯಿಗೂ ಕೈಗೂ ಅಂತರ ಇದ್ದದ್ದೂ ಬಯಲಾಯಿತು. 2012ರಲ್ಲಿ ಇಂಗ್ಲೆಂಡಿನ ಚರ್ಚಿನ ಮಹಾಸಭೆ ಈ ಕೂಲಿಯನ್ನು ಬೆಂಬಲಿಸಿ ನಿರ್ಣಯ ಮಾಡಿತು. 2015ರಲ್ಲಿ ಪತ್ರಿಕೆಗಳು ಹುಡುಕಿ ನೋಡಿದರೆ ಕೆಲವು ಚರ್ಚುಗಳೇ ಅದಕ್ಕಿಂತ ಕಡಿಮೆ ಸಂಬಳದ ಜಾಹೀರಾತು ಕೊಟ್ಟಿದ್ದವು.

ಆದರೂ ಒಕ್ಕೂಟ ಮುರಿಯಲಿಲ್ಲ. ಕಾರಣ ತಿಳಿಯಬೇಕಾದರೆ ಈ ಮಸೀದಿಯ ಪಕ್ಕದ ಖಾಲಿ ನಿವೇಶನದ ಸಂಗತಿ ನೋಡಬೇಕು. ಮಸೀದಿಯವರಿಗೆ ಆ ಜಾಗ ಬೇಕಿತ್ತು. ಬಿಲ್ಡರ್ ಒಬ್ಬರಿಗೆ ಅಲ್ಲಿ ದುಬಾರಿ ಫ್ಲಾಟ್ ಕಟ್ಟುವ ಯೋಚನೆ. ಆಗ ಟೆಲ್ಕೊ ಮೂಲಕ ಚರ್ಚಿನವರೂ ಮಸೀದಿಯ ಪರವಾಗಿ ನಿಂತರು. ಜಾಗ ಉಳಿಯಿತು, 2004ರಲ್ಲಿ ಅಲ್ಲಿ ಲಂಡನ್ ಮುಸ್ಲಿಂ ಸೆಂಟರ್ ತೆರೆಯಿತು. ಹೀಗೆ ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಬಂದದ್ದು ಲೆಕ್ಕದಲ್ಲಿ ಉಳಿಯುತ್ತದೆ. 2005ರ ಜುಲೈ 6ರಂದು ಲಂಡನ್ನಿಗೆ ಒಲಿಂಪಿಕ್ಸ್ ಸಿಕ್ಕಿತು. ಮರುದಿನ ಬೆಳಿಗ್ಗೆ ಸುರಂಗ ರೈಲುಗಳಲ್ಲಿ ಬಾಂಬ್ ಸಿಡಿದವು. ಒಂದು ಸ್ಫೋಟ ಆದದ್ದು ಆಲ್ಡ್‌ಗೇಟ್ ಬಳಿ, ಈಸ್ಟ್ ಲಂಡನ್ ಮಸೀದಿಗೆ ನಡೆದು ಹೋಗುವಷ್ಟು ಹತ್ತಿರ. ಚರ್ಚಿನವರೂ ಮಸೀದಿಯವರೂ ಆ ವಾರ ಪರಿಚಯ ಮಾಡಿಕೊಳ್ಳಲು ಹೊರಟಿದ್ದರೆ ಆಗುತ್ತಿರಲಿಲ್ಲ. ಆದರೆ ಅವರ ಪರಿಚಯ ಒಂಬತ್ತು ವರ್ಷ ಹಳೆಯದಾಗಿತ್ತು. 2007ರ ಮೇ ತಿಂಗಳಲ್ಲಿ ದಾಖಲೆಯಿಲ್ಲದ ವಲಸಿಗರ ಪರವಾಗಿ ಟ್ರಫಾಲ್ಗರ್ ಚೌಕದಲ್ಲಿ ಸೇರಿದ ಸಾವಿರಾರು ಜನರನ್ನು ಕರೆತಂದದ್ದು ಇದೇ ಜಾಲ.

5. ನಮ್ಮ ನೆಲದ ಸಾಕ್ಷಿ

ಇದು ಲಂಡನ್ನಿಗೆ ಸರಿ, ನಮಗೆ ಆಗುವುದಿಲ್ಲ ಎನ್ನುವವರಿಗೆ ಎರಡು ಉದಾಹರಣೆ ಕೊಡುತ್ತೇನೆ.

ಮುಂಬೈ ಪಕ್ಕದ ಭಿವಂಡಿ ವಿದ್ಯುತ್ ಮಗ್ಗಗಳ ಊರು. 1970ರಲ್ಲಿ, 1984ರಲ್ಲಿ ಅಲ್ಲಿ ದೊಡ್ಡ ಕೋಮುಗಲಭೆ ಆಯಿತು. 1988ರಲ್ಲಿ ಪೊಲೀಸ್ ಅಧಿಕಾರಿಯಾಗಿ ಬಂದ ಸುರೇಶ್ ಖೋಪಡೆ ಮೊಹಲ್ಲಾ ಸಮಿತಿಗಳನ್ನು ಕಟ್ಟಿದರು. ಹಿಂದೂಗಳೂ ಮುಸ್ಲಿಮರೂ ಸಮ ಸಂಖ್ಯೆಯಲ್ಲಿ ಕೂತು ಮೊಹಲ್ಲಾದ ಸಣ್ಣಪುಟ್ಟ ತಕರಾರುಗಳನ್ನು ತಾವೇ ಬಗೆಹರಿಸಿಕೊಳ್ಳುವುದು ವಾಡಿಕೆಯಾಯಿತು. 1992ರ ಡಿಸೆಂಬರಿನಿಂದ 1993ರ ಜನವರಿಯವರೆಗೆ ಮುಂಬೈ ಹೊತ್ತಿ ಉರಿದಾಗ ಭಿವಂಡಿ ಶಾಂತವಾಗಿತ್ತು.

ರಾಜಕೀಯ ವಿಜ್ಞಾನಿ ಅಶುತೋಷ್ ವಾರ್ಷ್ಣೆ 2002ರ ತಮ್ಮ ಪುಸ್ತಕದಲ್ಲಿ ಭಾರತದ ಆರು ನಗರಗಳನ್ನು ಜೋಡಿ ಜೋಡಿಯಾಗಿಟ್ಟು ನೋಡಿದರು. ಅಲಿಗಢ ಮತ್ತು ಕಲ್ಲಿಕೋಟೆಯಲ್ಲಿ ಹಿಂದೂ–ಮುಸ್ಲಿಂ ಜನಸಂಖ್ಯೆಯ ಪ್ರಮಾಣ ಹೆಚ್ಚುಕಡಿಮೆ ಒಂದೇ. ಒಂದು ಮತ್ತೆ ಮತ್ತೆ ಉರಿಯುತ್ತದೆ, ಇನ್ನೊಂದು ಉರಿಯುವುದಿಲ್ಲ. ಯಾಕೆ? ಕಲ್ಲಿಕೋಟೆಯಲ್ಲಿ ವ್ಯಾಪಾರಿಗಳ ಸಂಘ, ಕಾರ್ಮಿಕ ಸಂಘ, ಓದುಗರ ಕೂಟ ಎಲ್ಲದರಲ್ಲೂ ಎರಡೂ ಕಡೆಯವರು ಸದಸ್ಯರು. ಹಬ್ಬಕ್ಕೆ ಸಿಹಿ ಹಂಚಿಕೊಳ್ಳುವ, ಮದುವೆಗೆ ಹೋಗಿಬರುವ ದಿನನಿತ್ಯದ ನಂಟು ಒಳ್ಳೆಯದೇ, ಆದರೆ ಗಲಭೆ ಎಬ್ಬಿಸಲೆಂದೇ ಸಂಘಟಿತರಾಗಿ ಬಂದವರ ಮುಂದೆ ಅದು ನಿಲ್ಲಲಾರದು. ಸಂಘಟನೆಯನ್ನು ತಡೆಯಲು ಸಂಘಟನೆಯೇ ಬೇಕು.

ಇದಕ್ಕೆ ಸಾಕ್ಷಿಯನ್ನು ನಾವು ನಮ್ಮ ಕಣ್ಣಿಂದಲೇ ನೋಡಿದ್ದೇವೆ. ಕರಾವಳಿಯ ಜಾತ್ರೆಗಳಲ್ಲಿ ಮುಸ್ಲಿಂ ವ್ಯಾಪಾರಿಗಳು ತಲೆಮಾರುಗಳಿಂದ ಅಂಗಡಿ ಹಾಕುತ್ತಿದ್ದರು. ಬಳೆ, ಆಟಿಕೆ, ಹಣ್ಣು, ಮಿಠಾಯಿ. 2022ರ ಮಾರ್ಚಿನಲ್ಲಿ ಹಲವು ಜಾತ್ರೆಗಳಲ್ಲಿ ಅವರಿಗೆ ಜಾಗವಿಲ್ಲ ಎಂಬ ಬ್ಯಾನರ್‌ಗಳು ಎದ್ದವು. ಬೇಸರಪಟ್ಟ ಗಿರಾಕಿಗಳು ಇದ್ದರು, ನಾಚಿಕೆಪಟ್ಟ ಭಕ್ತರೂ ಇದ್ದರು. ಆದರೆ ಬ್ಯಾನರ್ ಕಟ್ಟಿದವರಿಗೆ ಸಂಘವಿತ್ತು, ನಾಚಿಕೆಪಟ್ಟವರಿಗೆ ಇರಲಿಲ್ಲ. ಅಷ್ಟೊಂದು ಹಳೆಯ ನಂಟು ಒಂದು ಬಟ್ಟೆಯ ತುಂಡಿಗೆ ಸೋತದ್ದು ಹೀಗೆ.

6. ಎಲ್ಲಿಂದ ಶುರು

ಹಾಗಾದರೆ ನಮ್ಮ ಊರಿನಲ್ಲಿ ಏನು ಮಾಡಬೇಕು? ಕೂಲಿಯ ಪ್ರಶ್ನೆಯೇ ಆಗಬೇಕೆಂದಿಲ್ಲ. ಕುಡಿಯುವ ನೀರು, ಬಸ್ಸು, ಶಾಲೆಯ ಶೌಚಾಲಯ, ಸ್ಮಶಾನದ ರಸ್ತೆ, ಯಾವುದಾದರೂ ಆಗಬಹುದು. ಕೆಲಸ ಸಣ್ಣದಿರಬೇಕು, ಗೆದ್ದೆವೋ ಸೋತೆವೋ ಎಂದು ಕಣ್ಣಿಗೆ ಕಾಣುವಂತಿರಬೇಕು, ಹೌದು ಇಲ್ಲ ಎನ್ನುವ ಅಧಿಕಾರ ಇರುವ ವ್ಯಕ್ತಿ ಯಾರೆಂದು ಗೊತ್ತಿರಬೇಕು. ‘ಸಮಾಜದಲ್ಲಿ ಶಾಂತಿ’ ಎಂಬುದಕ್ಕೆ ಸಹಿ ಹಾಕುವ ಅಧಿಕಾರಿ ಯಾವ ಕಚೇರಿಯಲ್ಲೂ ಇಲ್ಲ. ವಾರ್ಡಿನ ಕೊಳವೆಬಾವಿಗೆ ಸಹಿ ಹಾಕುವ ಎಂಜಿನಿಯರ್ ಇದ್ದಾನೆ.

ಆದರೂ ಕೂಲಿಯ ಪ್ರಶ್ನೆಯನ್ನೇ ಎತ್ತಿಕೊಳ್ಳಿ ಎಂದು ನಾನು ಒತ್ತಾಯಿಸುತ್ತೇನೆ. ನಮ್ಮ ಸಂವಿಧಾನದ 43ನೇ ವಿಧಿ ಎಲ್ಲ ಕಾರ್ಮಿಕರಿಗೆ ಬದುಕಲು ಸಾಲುವ ಕೂಲಿ ಸಿಗುವಂತೆ ರಾಜ್ಯ ಶ್ರಮಿಸಬೇಕು ಎನ್ನುತ್ತದೆ. ಲಂಡನ್ನಿನವರು 2001ರಲ್ಲಿ ಹಾಕಿದ ಲೆಕ್ಕವನ್ನು ನಾವು 1957ರಲ್ಲೇ ಹಾಕಿದ್ದೆವು. ಆ ವರ್ಷದ 15ನೇ ಭಾರತೀಯ ಕಾರ್ಮಿಕ ಸಮ್ಮೇಳನ ಒಬ್ಬ ಕೆಲಸಗಾರನ ಕೂಲಿಯಲ್ಲಿ ಮೂರು ಘಟಕದಷ್ಟು ಉಣ್ಣುವ ಬಾಯಿಗಳಿಗೆ ಆಹಾರ, ಒಂದೊಂದು ಘಟಕಕ್ಕೆ ದಿನಕ್ಕೆ 2,700 ಕ್ಯಾಲೊರಿ, ಕುಟುಂಬಕ್ಕೆ ವರ್ಷಕ್ಕೆ 72 ಗಜ ಬಟ್ಟೆ, ಮನೆ ಬಾಡಿಗೆ, ಸೌದೆ–ದೀಪ ಮತ್ತಿತರ ಖರ್ಚಿಗೆ ಶೇ. 20 ಸೇರಬೇಕು ಎಂದಿತು. 1990ರ ದಶಕದ ಆರಂಭದಲ್ಲಿ ರಾಪ್ಟಕೋಸ್ ಬ್ರೆಟ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಮಕ್ಕಳ ಓದು, ಔಷಧಿ, ಹಬ್ಬ, ಮದುವೆ, ಮುಪ್ಪಿನ ಆಸರೆಗೆಂದು ಇನ್ನೂ ಶೇ. 25 ಸೇರಿಸಿತು. ಲೆಕ್ಕ ನಮ್ಮಲ್ಲಿದೆ. ಅದನ್ನು ಹಿಡಿದು ಕೇಳಲು ಒಟ್ಟಾಗಿ ಬರುವವರು ಬೇಕು.

ಇಲ್ಲಿ ಲಂಡನ್ನಿಗಿಲ್ಲದ ಒಂದು ತೊಡಕು ನಮಗಿದೆ, ಜಾತಿ. ನಮ್ಮ ಊರುಗಳಲ್ಲಿ ಕಸ ಗುಡಿಸುವವರು, ಒಳಚರಂಡಿಗೆ ಇಳಿಯುವವರು ಬಹುಪಾಲು ದಲಿತರು. ಮಠಕ್ಕೂ ಮಸೀದಿಗೂ ಚರ್ಚಿಗೂ ಅವರೇ ಬೇಕು. ಹಾಗಾಗಿ ಇಲ್ಲಿ ಧರ್ಮಧರ್ಮಗಳ ಮುಖಂಡರು ಒಟ್ಟಿಗೆ ಕೂತು ಒಬ್ಬರನ್ನೊಬ್ಬರು ಹೊಗಳಿಕೊಂಡರೂ, ಆ ಸಭಾಂಗಣದ ನೆಲ ಗುಡಿಸಿದವಳ ಬದುಕಿನಲ್ಲಿ ಏನೂ ಬದಲಾಗದೆ ಇರುವುದು ಸಾಧ್ಯ. ಸೌಹಾರ್ದ ಎಂದರೆ ಮೇಲಿನವರ ಒಪ್ಪಂದ ಎಂದಷ್ಟೇ ಆಗುವ ಅಪಾಯ ಇದು. ಕೂಲಿಯ ಪ್ರಶ್ನೆ ಎತ್ತಿದೊಡನೆ ಆ ಒಪ್ಪಂದ ಅಲುಗಾಡುತ್ತದೆ, ಅಲುಗಾಡಲಿ. ಅವಳೂ ಮೇಜಿನ ಮುಂದೆ ಕೂರಬೇಕು, ಅಬ್ದುಲ್ ಡುರಾಂಟ್ ಎದ್ದು ನಿಂತಂತೆ ತನ್ನ ಲೆಕ್ಕವನ್ನು ತಾನೇ ಹೇಳಬೇಕು.

ಆದ್ದರಿಂದ ಮೊದಲ ಅರ್ಜಿಯನ್ನು ಪಾಲಿಕೆಗೆ ಕೊಡಬೇಡಿ. ಕರ್ನಾಟಕದಲ್ಲಿ ಮಠಗಳು ಎಂಜಿನಿಯರಿಂಗ್ ಕಾಲೇಜು, ವೈದ್ಯಕೀಯ ಕಾಲೇಜು ನಡೆಸುತ್ತವೆ. ಚರ್ಚುಗಳು ಶತಮಾನ ದಾಟಿದ ಶಾಲೆ, ಆಸ್ಪತ್ರೆ ನಡೆಸುತ್ತವೆ. ಮುಸ್ಲಿಂ ಸಂಸ್ಥೆಗಳೂ ಶಾಲೆ ಕಾಲೇಜು ನಡೆಸುತ್ತವೆ. ಇವುಗಳಲ್ಲಿ ಕಾವಲುಗಾರರು, ಆಯಾಗಳು, ಕಸ ಗುಡಿಸುವವರು ಗುತ್ತಿಗೆಯ ಮೇಲೆ ಇದ್ದರೆ ಗುತ್ತಿಗೆದಾರ ಅವರಿಗೆ ಕೊಡುವ ಕೂಲಿ ಎಷ್ಟು? ಭವಿಷ್ಯನಿಧಿ ಕಟ್ಟುತ್ತಾನೆಯೆ? ಟೆಂಡರಿನಲ್ಲಿ ಕೂಲಿಯ ಷರತ್ತು ಇದೆಯೆ? ಈ ಊರಿನ ಒಂದು ಮಠ, ಒಂದು ಮಸೀದಿ ಕಮಿಟಿ, ಒಂದು ಚರ್ಚು ತಂತಮ್ಮ ಸಂಸ್ಥೆಗಳ ಉತ್ತರವನ್ನು ಬರೆದು ತಂದು, 1957ರ ಲೆಕ್ಕದ ಪಕ್ಕದಲ್ಲಿಟ್ಟು ಎಲ್ಲರೆದುರು ಓದಲಿ. ಓದಿದ ಮೇಲೆ ಪಾಲಿಕೆಯ ಆಯುಕ್ತರನ್ನೂ ಬ್ಯಾಂಕಿನ ಮ್ಯಾನೇಜರನ್ನೂ ಕೇಳುವ ಹಕ್ಕು ಆ ಮೂವರಿಗೂ ಬರುತ್ತದೆ. ಅಲ್ಲಿಯವರೆಗೆ ಸೌಹಾರ್ದ ಸಮಾವೇಶದ ಕರಪತ್ರ ಅಚ್ಚು ಹಾಕಿಸುವುದನ್ನು ಮುಂದೂಡಬಹುದು.